ಚೆಂಡು ಆಚೆ, ಪಂಪು ಈಚೆ

ಕೂತ್ಕೋ. ಅಲ್ಲಲ್ಲ, ಆ ಟ್ಯೂಬಿನ ಮೇಲೆ ಬೇಡ,
ಸೊಲ್ಯೂಷನ್ ಹಚ್ಚಿಟ್ಟಿದ್ದೇನೆ.
ಚೆಂಡು ಕೊಡು ಇಲ್ಲಿ, ಒತ್ತಿ ನೋಡುತ್ತೇನೆ.
ಹೂಂ, ಹೊಟ್ಟೆ ಹಸಿದ ಹಾಗಿದೆ.
ನಾಳೆ ಆಚೆ ದಡದವರ ಜೊತೆ ಆಟವಲ್ಲವೆ?
ಗೊತ್ತಾಗುತ್ತದೆ. ಕೋಡಿಬಾಗದ ಹುಡುಗರು
ಎರಡು ದಿನದಿಂದ ಸೈಕಲ್ಲಿಗೆ ಬ್ರೇಕೇ ಹಾಕುತ್ತಿಲ್ಲ.

‘ಅವರ ಮೇಲೆ ನಮಗೆ ಯಾಕಜ್ಜಾ ಇಷ್ಟು ಸಿಟ್ಟು?’
ಗಾಳಿ ತುಂಬಿಸಲು ಬಂದವರು ಸಾವಿರ ಜನ;
ಇದನ್ನು ಕೇಳಿದವನು ನೀನೊಬ್ಬ.

ಇನಾಸನ ಮನೆಯವರು ಹೇಳುವುದು:
ಸದಾಶಿವಗಡದ ಶಾಬಾನ ಬೇಕೆಂದೇ ಅವನಿಗೆ ಪಾಸು ಕೊಡಲಿಲ್ಲ.
ಆಚೆಯವರು ಹೇಳುವುದು: ಗೆದ್ದ ಕಪ್ಪಿನಲ್ಲಿ
ಈಚೆಯವರು ಬಂಗುಡೆ ಸಾರು ಕುಡಿದರಂತೆ.
ತಾಂಡೇಲರ ಮುದುಕಿ ಮಾತ್ರ ‘ಎಲ್ಲ ಒಂದು ಮದುವೆಯಿಂದ’
ಎನ್ನುತ್ತಾಳೆ; ಯಾರ ಮದುವೆ ಎಂದರೆ
ಬಾಯಿ ತುಂಬ ಎಲೆಯಡಿಕೆ.

ಆಗ ಕಾಳಿಗೆ ಸೇತುವೆ ಇರಲಿಲ್ಲ. ತಾರಿ ಇತ್ತು.
ತಾರಿ ಇದ್ದದ್ದಕ್ಕೇ ಒಂದೇ ಕ್ಲಬ್ಬು ಇತ್ತು,
ಕಾಳಿ ಸ್ಪೋರ್ಟಿಂಗ್.
ಐದು ಜನ ಈಚೆಯವರು, ಐದು ಜನ ಆಚೆಯವರು,
ಗೋಲಿಗೆ ತಾರಿಯ ಬೊಮ್ಮು ಅಂಬಿಗ.
ಅವನು ಯಾವ ದಡದವನೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ.
ನಾನು ಒಂಬತ್ತು ವರ್ಷದವ. ನನ್ನ ಹುದ್ದೆ, ಪಂಪು.

ಆ ವರ್ಷ ಮಡಗಾಂವಿನಿಂದ ಹೊಸ ಚೆಂಡು ಬಂತು.
ಲೇಸಿಲ್ಲದ ಚೆಂಡು! ಸಣ್ಣ ತೂತು, ಅದಕ್ಕೊಂದು ಸೂಜಿ.
ಇಡೀ ಕಾರವಾರದಲ್ಲಿ ಅಂಥದು ಅದೊಂದೇ ಎಂದು ನಂಬಿದ್ದೆ,
ರಾತ್ರಿ ತಲೆದಿಂಬಿನಡಿ ಇಟ್ಟು ಮಲಗುತ್ತಿದ್ದೆ.

ಕಾಣಕೋಣದವರೊಡನೆ ಫೈನಲ್ಲು, ನಮ್ಮದೇ ಮರಳಿನ ಮೇಲೆ.
ಹಾಫ್‌ಟೈಮಿಗೆ ಚೆಂಡು ಮೆತ್ತಗಾಯಿತು.
ಪಂಪು ಇದೆ, ಸೂಜಿ ಇಲ್ಲ.
ಈಚೆಯವರು ಆಚೆಯವರ ಚೀಲ ಜಾಲಾಡಿದರು,
ಆಚೆಯವರು ಈಚೆಯವರ ಬುತ್ತಿ.
ಕೊನೆಯ ನಿಮಿಷ, ಪೆನಾಲ್ಟಿ. ಇನಾಸ ಒದ್ದ ನೋಡು,
ಕಾಲಲ್ಲಿ ಬಲವಿತ್ತು, ಚೆಂಡಲ್ಲಿ ಉಸಿರಿರಲಿಲ್ಲ.
ನೆನೆದ ಗೋಣಿಯ ಹಾಗೆ ಹೊರಳಿ ಹೊರಳಿ
ಗೋಲಿಗೆ ಒಂದು ಮಾರು ಈಚೆ ನಿಂತಿತು.
ಅವರ ಕೀಪರು ನಿಧಾನ ಬಂದು,
ಬಿದ್ದ ತೆಂಗಿನಕಾಯಿ ಹೆಕ್ಕುವಂತೆ ಹೆಕ್ಕಿದ.

ಜೆಟ್ಟಿಯಲ್ಲಿ ಆ ಸಂಜೆ ‘ಕಳ್ಳ’ ಎಂಬ ಮಾತು
ಕನ್ನಡದಲ್ಲಿ ಒಂದು ಸಲ, ಕೊಂಕಣಿಯಲ್ಲಿ ಹತ್ತು ಸಲ ಕೇಳಿತು.
ಬೊಮ್ಮು ಹಗ್ಗ ಬಿಚ್ಚಿದ.
ಚೆಂಡು ಆಚೆ ಹೋಯಿತು.
ಪಂಪು ಈಚೆ ಉಳಿಯಿತು.
ಆ ಮಳೆಗಾಲ ಪೂರ್ತಿ ಎರಡು ದಡದಲ್ಲೂ ಆಟವಿಲ್ಲ.
ದೀಪಾವಳಿಯ ಹೊತ್ತಿಗೆ ಆಚೆ ‘ನ್ಯೂ ಕಾಳಿ’, ಈಚೆ ‘ಅಸಲಿ ಕಾಳಿ’;
ಬೋರ್ಡು ಬರೆದ ಪೇಂಟರ್ ಒಬ್ಬನೇ,
ಎರಡು ಕಡೆಯಿಂದಲೂ ಅವನಿಗೆ ದುಡ್ಡು ಬಾಕಿ.
ನದಿಯನ್ನು ಯಾರೂ ಕೇಳಲಿಲ್ಲ.

ಸೂಜಿಯೆ?
ಮರುದಿನ ಅವ್ವಿ ನನ್ನ ಅಂಗಿ ಒಗೆಯುವಾಗ
ಏನೋ ಗಟ್ಟಿ ಕೈಗೆ ಸಿಕ್ಕಿತು. ಜೇಬಿನ ಹೊಲಿಗೆ ಬಿಟ್ಟು
ಕೆಳಗಿನ ಮಡಿಕೆಯೊಳಗೆ ಜಾರಿಕೊಂಡಿತ್ತು.
ಹೇಳಬಹುದಿತ್ತು. ಓಡಿಹೋಗಿ ತಾರಿ ಹತ್ತಬಹುದಿತ್ತು.
ಪೆಟ್ಟು ಬೀಳುತ್ತದೆಂದು ಸುಮ್ಮನಿದ್ದೆ.
ಆಮೇಲೆ ಪೆಟ್ಟು ಕೊಡುವವರು ಒಬ್ಬೊಬ್ಬರೇ ಸತ್ತರು,
ಆಗಲೂ ಸುಮ್ಮನಿದ್ದೆ.
ಹೋಗುವ ಮೊದಲು ಆಸ್ಪತ್ರೆಯಲ್ಲಿ ಇನಾಸ ಕೇಳಿದ,
‘ಅದು ಆಚೆಯವರದೇ ಕೆಲಸ ಅಲ್ಲವೇನೋ?’
ಹೌದು ಅಂದೆ.

ಒಮ್ಮೊಮ್ಮೆ ಅನಿಸುತ್ತದೆ, ಸೂಜಿ ಇದ್ದಿದ್ದರೂ
ಬೇರೇನೋ ಕಳೆಯುತ್ತಿತ್ತು ಎಂದು.
ಒಮ್ಮೊಮ್ಮೆ ಹಾಗೆ ಅನಿಸುವುದಿಲ್ಲ.

ನಿನ್ನೆ ನ್ಯೂ ಕಾಳಿಯ ಹುಡುಗನೂ ಬಂದಿದ್ದ,
ಸೇತುವೆ ದಾಟಿ, ಮುಖಕ್ಕೆ ಟವೆಲ್ ಸುತ್ತಿಕೊಂಡು.
ಅವರ ಕಡೆ ಪಂಪು ಕೆಟ್ಟಿದೆಯಂತೆ.
ತುಂಬಿಸಿಕೊಟ್ಟೆ. ಯಾರಿಗೂ ಹೇಳಬೇಡ.

ಏನು ನೋಡುತ್ತೀ? ಹೌದು, ಇದೇ.
ತುಕ್ಕು ಹಿಡಿಯದ ಹಾಗೆ ತೆಂಗಿನೆಣ್ಣೆ ಸವರಿ ಇಟ್ಟಿದ್ದೇನೆ.
ಚೆಂಡು ಗಟ್ಟಿ ಹಿಡಿ.
ಮೊದಲು ಸೂಜಿಗೆ ಎಂಜಲು ತಾಗಿಸಬೇಕು, ಮಗಾ.
ಒಣಗಿದ್ದನ್ನು ಹಾಗೇ ತೂರಿಸಿದರೆ
ಒಳಗೆ ಹರಿಯುತ್ತದೆ.