ನಂದು

ಬಟ್ಟೆ ಒಗೆಯುವವಳಿಗೆ ಎಲ್ಲ ಗೊತ್ತಾಗುತ್ತದೆ.
ಯಾರು ಬಿದ್ದರು, ಯಾರು ಬಿದ್ದ ಹಾಗೆ ಮಾಡಿದರು,
ಯಾರ ಮೊಣಕೈಯ ರಕ್ತ ಮೂರು ನೀರಿಗೂ ಬಿಡಲಿಲ್ಲ.

ಒಂದನೇ ನಂಬರಿನ ಅಂಗಿ ಅಗ್ಬೆಕೊನದು.
ಟೋಗೊ ದೇಶದವನು, ವಯಸ್ಸು ಮೂವತ್ತಾರು,
ಕರಾರುಪತ್ರದ ಪ್ರಕಾರ ಮೂವತ್ಮೂರು.
ಫೆಬ್ರವರಿಯ ಹಡಗಿನಿಂದ ನಮ್ಮ ಫ್ಯಾರೋ ದ್ವೀಪಕ್ಕಿಳಿದಾಗ
ಚೀಲದಲ್ಲಿ ನಾಲ್ಕು ಜೊತೆ ಕೈಗವಸು, ಒಂದು ಡಬ್ಬಿ ಖಾರದಪುಡಿ.
ಟೋಪಿ ಹಾರಿ ಕಡಲಿಗೆ ಬಿತ್ತು.
"ಸರಿ, ಸುಂಕ ಕೊಟ್ಟ ಹಾಗಾಯಿತು" ಅಂದ.

ಬೆಳಿಗ್ಗೆ ಮೀನಿನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜು.
ಅಲ್ಲಿ ರಬ್ಬರಿನ ಗವಸು, ಸಂಜೆಗೆ ಬೇರೆ ಗವಸು.
ಮೀನಿನ ಬೆನ್ನೆಲುಬು ಬಿಡಿಸುತ್ತ ಹೇಳುವನು:
ಗೋಲ್‌ಕೀಪರಿಗೆ ಪರದೇಶದಲ್ಲಿ ಬೇಕಾದ್ದು ಒಂದೇ ಮಾತು.
ಅನ್ನ ನೀರನ್ನು ಬೆರಳು ತೋರಿಸಿ ಕೇಳಬಹುದು.
ಚೆಂಡು ಮೇಲೆದ್ದಾಗ ಮಾತ್ರ ಕೂಗಲೇಬೇಕು, ನಂದು!
ಇಲ್ಲವಾದರೆ ನಮ್ಮವನ ತಲೆಯೇ ನಮ್ಮ ಹಲ್ಲಿಗೆ.

ಜಾರ್ಜಿಯಾದಲ್ಲಿ ಅದು ಚೆಮಿಯಾ.
ಸರ್ಬಿಯಾದಲ್ಲಿ ಮೋಯಾ; ಅಲ್ಲಿ ಆರು ತಿಂಗಳು ಸಂಬಳವಿಲ್ಲ,
ಯಜಮಾನ ಕೊನೆಗೆ ಎರಡು ಹಂದಿ ಒಯ್ಯಿ ಎಂದನಂತೆ.
ಫಿನ್ಲೆಂಡಿನಲ್ಲಿ ಮಿನುನ್.
ವಿಯೆಟ್ನಾಮಿನದು ಮರೆತಿದೆ, ಅದಕ್ಕೊಂದು ರಾಗ ಬೇರೆ,
ರಾಗ ತಪ್ಪಿದ ದಿನ ಡಿಫೆಂಡರುಗಳು ನಗುತ್ತ ನಿಂತರು,
ಚೆಂಡು ತನ್ನಷ್ಟಕ್ಕೆ ಒಳಗೆ ನಡೆಯಿತು.
ಮಾಲ್ಟಾದಲ್ಲಿ ವರ್ಷವಿಡೀ ಬೆಂಚು.
ಕೂಗುವ ಪ್ರಸಂಗ ಬರಲಿಲ್ಲ.

ನಮ್ಮದನ್ನು ನಾನೇ ಕಲಿಸಿದೆ: ಮುಯಿನ್.
ಮೂಗಿನಿಂದಲ್ಲ ಮಾರಾಯ, ಹೊಟ್ಟೆಯಿಂದ.
ಹನ್ನೊಂದು ಹೆಂಗಸರು ಚಾಕು ಕೆಳಗಿಟ್ಟು
ಮುಯಿನ್ ಮುಯಿನ್ ಎಂದು ಕಿರುಚಿದೆವು,
ಯಾರದೋ ಬೆರಳು ಹೋಯಿತೆಂದು ಮೇಸ್ತ್ರಿ ಓಡಿಬಂದ.

ಅಷ್ಟು ಸಲ ನಂದು ಎಂದವನ ಕೋಣೆಯಲ್ಲಿ
ದಿಂಬು ಕ್ಲಬ್ಬಿನದು, ಹೀಟರು ಪಾದ್ರಿಯದು,
ಚಮಚ ನನ್ನದು.

ನಿನ್ನ ಭಾಷೆಯಲ್ಲಿ ಏನೆನ್ನುತ್ತಾರೆ? ಕೇಳಿದೆ ಒಮ್ಮೆ.
ಚಾಕು ನಿಂತಿತು.
ಆ ಮಾತು ಇದೆ, ಅಂದ, ಕೂಗಿದ್ದಿಲ್ಲ.
ಹದಿನೇಳಕ್ಕೆ ಊರು ಬಿಟ್ಟೆ. ಅದಕ್ಕೂ ಮುಂಚೆ
ಅನೇಹೊ ಊರಿನ ಮರಳಿನಲ್ಲಿ ಆಡುತ್ತಿದ್ದ ಚೆಂಡು
ದೋಣಿ ಯಜಮಾನನ ಮಗನದು.
ನಂದು ಅಂದರೆ
ಅವನು ಚೆಂಡು ಕಂಕುಳಲ್ಲಿಟ್ಟು ಮನೆಗೆ ಹೋಗುತ್ತಿದ್ದ.

ಅಕ್ಟೋಬರಿನ ಕೊನೆಯ ಆಟ. ಮಳೆ ಅಡ್ಡಕ್ಕೆ ಬೀಸುತ್ತಿತ್ತು.
ಗುಡ್ಡದ ಕುರಿಗಳೂ ಬೆನ್ನು ತಿರುಗಿಸಿದ್ದವು.
ಕಾರ್ನರಿನಿಂದೆದ್ದ ಚೆಂಡು ಗಾಳಿಯಲ್ಲಿ ನಿಂತೇಬಿಟ್ಟಿತು,
ಇಳಿಯಲೋ ಬೇಡವೋ ಎಂಬಂತೆ.
ಅವನು ಓಡಿಬಂದ, ಹಾರಿದ, ಬಾಯಿ ತೆರೆದ:
ತೊನ್ಯೆ!
ನಮ್ಮ ರೋಯಿಗೆ ಅದು ಹೇಗೆ ತಿಳಿಯಬೇಕು?
ಅವನೂ ಹಾರಿದ.

ಹಲ್ಲು ಪ್ಲಾಸ್ಟಿಕ್ ಹುಲ್ಲಿನಲ್ಲೇ ಉಳಿಯಿತು.
ಚೆಂಡು ಎದೆಯಲ್ಲಿತ್ತು.
ಬಿಡು ಎಂದು ರೆಫರಿ ಎರಡು ಸಲ ಹೇಳಬೇಕಾಯಿತು.
ರಕ್ತ ಸುರಿಸುತ್ತ ನಗುತ್ತಿದ್ದ, ದೆವ್ವ ಹಿಡಿದವನಂತೆ.

ಮಂಗಳವಾರದ ಹಡಗಿಗೆ ಹೊರಟ.
ಮುಂದೆ ಅರ್ಮೇನಿಯಾ ಅಂದನೋ ಅಲ್ಬೇನಿಯಾ ಅಂದನೋ,
ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ.
ಚಮಚ ನೆನಪಿಟ್ಟು ಕೊಟ್ಟ.
ಅಂಗಿ ಕ್ಲಬ್ಬಿನದು, ಬಿಟ್ಟುಹೋದ.

ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಿದ್ದೇನೆ.
ಕಾಲರಿನದು ನಾಲ್ಕನೇ ನೀರಿಗೂ ಬಿಟ್ಟಿಲ್ಲ.