ಒಂದು ದೇಶದ ಪರವಾಗಿ

ಆ ದೇಶವನ್ನು ನಾನು ನೋಡಿಲ್ಲ.
ಬಾವುಟದಲ್ಲಿ ಎಷ್ಟು ಬಣ್ಣ ಎಂದು ಕೇಳಿದರೆ
ಮಗಳ ಅಟ್ಲಾಸು ತೆಗೆಯಬೇಕು.
ಆದರೂ ಎರಡು ವರ್ಷದಿಂದ
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಎದುರು,
ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ,
ಕನ್ನಡದಲ್ಲಿ ಅದರ ಬಾಯಿ ನಾನೇ.

ದಿಲ್ಲಿಯಿಂದ ಬಂದಾಕೆ ಶಿವಾಂಗಿ ಭಲ್ಲಾ.
ಹುಳು ಬೇಯುವ ವಾಸನೆಗೆ ಒಮ್ಮೆಯೂ ಮೂಗು ಮುಚ್ಚಲಿಲ್ಲ,
ಅಷ್ಟು ಪಳಗಿದವಳು.
'ನಮ್ಮ ಕಕ್ಷಿದಾರರು ಒಂದು ಸರ್ಕಾರ' ಎಂದಳು,
ನಮ್ಮ ಬಾಡಿಗೆದಾರರು ಒಬ್ಬ ಮೇಷ್ಟ್ರು ಎನ್ನುವ ಹಾಗೆ.
'ಸುಳ್ಳು ಒಂದಕ್ಷರವೂ ಬೇಡ. ನಿಜಗಳನ್ನು
ಸ್ವಲ್ಪ ಸಾಲಾಗಿ ನಿಲ್ಲಿಸಿಕೊಡಿ, ಸಾಕು.'

ಅವಳು ಕೊಟ್ಟ ಪಟ್ಟಿ ಇನ್ನೂ ಗೋಡೆಯ ಮೇಲಿದೆ:
ಆಮದು ಎನ್ನಬಾರದು, ಲಭ್ಯತೆ ಎನ್ನಬೇಕು.
ಸುಂಕವನ್ನು ಇಳಿಸುವುದಿಲ್ಲ, ಸರಳಗೊಳಿಸುತ್ತಾರೆ.
ರೀಲರುಗಳು ಮುಳುಗುವುದಿಲ್ಲ,
ಪರಿವರ್ತನೆಯ ಹಂತದಲ್ಲಿರುತ್ತಾರೆ.
ದೇಶದ ಹೆಸರು, ಸಾಧ್ಯವಾದಷ್ಟೂ, ಬರಲೇಬಾರದು.

ಹೊಸ ವರ್ಷಕ್ಕೆ ಒಂದು ಕ್ಯಾಲೆಂಡರ್ ಬಂತು, ಅದರಲ್ಲೂ ಹೆಸರಿಲ್ಲ:
ಹಿಮ, ಸೇತುವೆ, ನಗುವ ಹುಡುಗಿಯರು.
ಯುಗಾದಿ ಎಲ್ಲಿದೆ ಎಂದು ಹೆಂಡತಿ ಹುಡುಕಿ ಸೋತು
ಹಾಲಿನವನ ಲೆಕ್ಕ ಬರೆಯಲು ಇಟ್ಟುಕೊಂಡಳು.

ನಾನೂ ಬರೆದೆ.
ದೊಡ್ಡಬಳ್ಳಾಪುರದ ನೇಕಾರ ಕೊಂಡಪ್ಪನ ಹೆಸರಲ್ಲಿ.
ಅವನು ಹೇಳಿದ್ದೆಲ್ಲ ನಿಜವೇ:
ಹೊರಗಿನ ನೂಲು ಹಾಸಿನಲ್ಲಿ ಕಡಿಯುವುದಿಲ್ಲ,
ಮಗ್ಗ ನಿಲ್ಲುವುದಿಲ್ಲ, ಈ ಸಲ ಮಗುವಿನ ಫೀಸು ಕಟ್ಟಿದ್ದೇನೆ.
ಫೀಸಿನ ಮಾತನ್ನು ಕೊನೆಯಿಂದ ಎತ್ತಿ
ಮೊದಲ ಸಾಲಿಗೆ ತಂದವನು ಮಾತ್ರ ನಾನು.
ಪತ್ರಿಕೆಯಲ್ಲಿ ಕೆಳಗೆ 'ಲೇಖಕರು ನೇಕಾರರು' ಎಂದಿತ್ತು.
ತಿಂಗಳ ಐದಕ್ಕೆ ದುಡ್ಡು ಬರುತ್ತಿತ್ತು
'ಸಂವಹನ ಸೇವೆ' ಎಂಬ ಷರಾ ಹೊತ್ತು.

ಒಂದು ಸಂಜೆ ಇಮ್ದಾದ್ ಸಾಬರು ಮೆಟ್ಟಿಲು ಹತ್ತಿ ಬಂದರು,
ಬಿಸಿನೀರಲ್ಲಿ ಬೆಂದು ಸುಕ್ಕಾದ ಬೆರಳ ನಡುವೆ
ಅದೇ ಲೇಖನ, ಅಂಚು ನೇರವಾಗಿ ಕತ್ತರಿಸಿದ್ದು.
'ಯಾರೋ ನಮ್ಮೂರ ನೀರು ಕುಡಿದೋನೇ ಬರೆದವ್ನೆ ಇದನ್ನ.
ಎಲ್ಲೂ ಸುಳ್ಳಿಲ್ಲ. ಅದಕ್ಕೇ ಭಯ ಆಗ್ತದೆ.
ನಮ್ಮದೂ ಒಂದು ಬರ್ಕೊಡು, ದಿಲ್ಲಿಗೆ.'

ಕುದಿವ ನೀರಲ್ಲಿ ಗೂಡಿನ ತುದಿ ಸಿಗುವವರೆಗೆ
ಕಡ್ಡಿಯಾಡಿಸುವ ಹಾಗೆ ಅವರು ಹುಡುಕಿ ಹುಡುಕಿ ಹೇಳಿದರು.
ಸಿಕ್ಕ ಮೇಲೆ ನಿಲ್ಲಲಿಲ್ಲ:
ನಾಲ್ಕು ಬೇಸಿನ್ನಿನಲ್ಲಿ ಎರಡು ಆರಿದ್ದು,
ಹರಾಜಿನ ಹೊತ್ತಿಗೆ ಫೋನು ಒತ್ತಲು ಬೆರಳೇಳದ್ದು,
ಇಪ್ಪತ್ತು ವರ್ಷ ನೂಲು ತೆಗೆದ ಜಬೀನಾ
ಹೊಸಕೋಟೆಯ ಗೋದಾಮಿನಲ್ಲಿ ಈಗ ದಿನವಿಡೀ ನಿಂತೇ ಇರುವುದು.
ಆಮದನ್ನು ಆಮದು ಎಂದೇ ಬರೆದೆ.
ಮರುದಿನ ಇನ್ನೂರ ಹನ್ನೆರಡು ಸಹಿ, ಮೂವತ್ತು ಹೆಬ್ಬೆಟ್ಟು.

'ಎಷ್ಟು ಕೊಡಲಿ?'
'ಬೇಡ ಸಾಬ್.'
'ಬೇಡ ಅನ್ನೋನ್ನ ನಂಬಬಾರ್ದು ಅಂತಿದ್ರು ನಮ್ಮ ಅಬ್ಬಾ.'
ಎರಡು ಐವತ್ತರ ನೋಟು ಮೇಜಿನ ಮೇಲಿಟ್ಟು
ಕೈಗಂಬಿ ಹಿಡಿದು ಇಳಿದು ಹೋದರು.

ಹದಿನೆಂಟು ದಿನ.
ಮನವಿ ದಿಲ್ಲಿಯೆಲ್ಲ ಅಲೆದು
ಯಾವ ಮೇಜಿನಿಂದ ಯಾವ ಮೇಜಿಗೆ ಜಾರಿತೋ,
ನನ್ನ ಫೋನಿಗೇ ಬಂತು, ಶಿವಾಂಗಿಯ ಟಿಪ್ಪಣಿಯೊಡನೆ:
'ಚೆನ್ನಾಗಿ ಬರೆದಿದ್ದಾರೆ. ಯಾರಿರಬಹುದು?
ಶುಕ್ರವಾರದೊಳಗೆ ಉತ್ತರ ಬೇಕು.
ಯಾರಾದರೂ ರೀಲರ್ ಹೆಸರಲ್ಲಾದರೆ ಒಳ್ಳೆಯದು.'

ಇವತ್ತು ಗುರುವಾರ.
ಕೆಳಗೆ ಜೆರಾಕ್ಸಿನವನು ಷಟರ್ ಎಳೆಯುತ್ತಿದ್ದಾನೆ.
ಎರಡೂ ಕಡೆಯ ನಿಜ ಗೊತ್ತಿರುವವನು ಊರಿಗೆ ಒಬ್ಬನೇ;
ಅವನಿಗೆ ಮೊದಲ ಸಾಲು
ಆಗಲೇ ಹೊಳೆದುಬಿಟ್ಟಿದೆ.
ಡ್ರಾಯರು ಎಳೆದರೆ ಆ ಎರಡು ನೋಟು,
ಇನ್ನೂ ಹುಳುವಿನ ವಾಸನೆ.
ಯಾವ ಲೆಕ್ಕಕ್ಕೂ ಹಾಕಿಲ್ಲ.