ಸುರಾಮಿಯಲ್ಲಿ ಎರಡು ಸಲ

ನಸುಕಿನ ನಾಲ್ಕೂವರೆಗೆ ಒಲೆಗೆ ತಲೆ ಕೊಡುವವನು ನಾನು.
ಮಾತಿಗೆ ಹೇಳಿದ್ದಲ್ಲ.
ಬಾವಿಯಂತೆ ಬಾಯಿ ಮೇಲಾದ ಮಣ್ಣಿನ ಒಲೆ ನನ್ನದು;
ಅಂಚಿಗೆ ಮೈಯಾನಿಸಿ, ಸೊಂಟದವರೆಗೆ ಒಳಗೆ ಬಾಗಿ,
ಕಾದ ಗೋಡೆಗೆ ಹಿಟ್ಟು ಬಡಿದು ಮೇಲೇಳಬೇಕು,
ಉಸಿರು ಬಿಡುವ ಮೊದಲು.
ಹದಿನಾರು ವರ್ಷ. ಮುಂಗೈಯ ರೋಮ ಮತ್ತೆ ಬಂದಿಲ್ಲ.
ಕುತೈಸಿಯ ನಮ್ಮ ಬೀದಿಗೆಲ್ಲ ನನ್ನದೇ ರೊಟ್ಟಿ.

ಆ ದಿನ ಒಲೆ ಹೊತ್ತಿಸಲಿಲ್ಲ.
'ಇಂದು ರೊಟ್ಟಿಯಿಲ್ಲ' ಎಂದು ಬಾಗಿಲ ಮೇಲೆ ಬರೆದು
ತಮ್ತಾಳ ಜೊತೆ ಟಿಬಿಲಿಸಿಯ ವ್ಯಾನು ಹತ್ತಿದೆ.
ಅವಳ ತೊಡೆಯ ಮೇಲೆ ನೀಲಿ ಫೈಲು,
ಫೈಲಿನಲ್ಲಿ ನಮ್ಮೂರ ಡಾಕ್ಟರನ ಒಂದು ಸಾಲು:
ಮೂವತ್ತೆರಡರ ಹೆಂಗಸಿಗೆ ನಲವತ್ತೇಳರ ಅಂಡಾಶಯ.
ಬೇರೆಯವಳ ಅಂಡ ಪಡೆಯಿರಿ, ಇಲ್ಲವೇ ದೇವರಿದ್ದಾನೆ,
ಎಂದು ಪೆನ್ನಿಗೆ ಮುಚ್ಚಳ ಹಾಕಿದ್ದ.
ಆರು ನಿಮಿಷ. ಗಡಿಯಾರ ನೋಡುವುದು ನನ್ನ ಕಸುಬಿನ ಚಟ.
ಒಂದು ರೊಟ್ಟಿ ಬೇಯಲು ಸಾಕಾಗುವಷ್ಟು.

ಆ ರಾತ್ರಿ ಅಮ್ಮ ಒಂದು ಮಾತಂದಳು,
ಸಣ್ಣಗೆ, ಪಾತ್ರೆಗಳಿಗೆ ಅಂದಂತೆ.
ಗೊಡ್ಡು ಎಂಬರ್ಥದ ಮಾತು.
ಹಸುವಿಗೆ ಸಲ್ಲುತ್ತದೆ, ಹೆಣ್ಣಿಗೆ ಸಲ್ಲುತ್ತದೆ.
ತಮ್ತಾ ಒರೆಸಿದ ಚಮಚವನ್ನೇ ಮತ್ತೆ ಒರೆಸಿದಳು.
ನಾನು ಹಿಟ್ಟು ನಾದಲು ಎದ್ದುಹೋದೆ.
ನಾದಲು ಹಿಟ್ಟೇನೂ ಇರಲಿಲ್ಲ.

ರಿಕೋತಿಯ ಸುರಂಗ ದಾಟಿದರೆ ಸುರಾಮಿ.
ರಸ್ತೆಬದಿಗೆ ಹೆಂಗಸರು ನಾಜುಕಿ ಬೀಸಿ ಕರೆಯುತ್ತಾರೆ;
ದಾಲ್ಚಿನ್ನಿ, ಒಣದ್ರಾಕ್ಷಿಯ ಸಿಹಿ ರೊಟ್ಟಿ,
ಹೆಸರೊಂದೇ ನಾಜೂಕು, ಗಾತ್ರ ಮೊಳದುದ್ದ.
'ಬೇಡ' ಎಂದಳು. 'ರಕ್ತ ಕೊಡಬೇಕು, ಹೊಟ್ಟೆ ಖಾಲಿಯಿರಲಿ.'
ನಾನೊಬ್ಬನೇ ಹೇಗೆ ತಿನ್ನಲಿ?
ಬೇರೆಯವರ ಒಲೆಗೆ ಇಣುಕಿ ಬಂದೆ.
ಉರಿ ಹೆಚ್ಚಾಗಿತ್ತು.

ಡಾಕ್ಟರ್ ನಾರ್ಗಿಜಾ ಎಪ್ಪತ್ತರ ಮುದುಕಿ.
ಫೈಲಿನ ಆ ಸಾಲು ಓದಿ, ಹಾಳೆ ಬೋರಲು ಹಾಕಿದಳು.
'ಒಂದೇ ಸಲವೇ ಪರೀಕ್ಷೆ? ಯಾವ ಲ್ಯಾಬಿನಲ್ಲಿ?
ಸಂಖ್ಯೆ ಕಡಿಮೆಯೇ. ಸುಳ್ಳು ಹೇಳಲಾರೆ, ಮಗಳೇ.
ಆದರೆ ಎಷ್ಟು ಉಳಿದಿವೆ ಎನ್ನುತ್ತದೆ ಇದು,
ಎಂಥವು ಎನ್ನುವುದಿಲ್ಲ.'
ಆಮೇಲೆ ಹಾಳೆಗಳ ಮಗುಚುತ್ತ ಹೋದಳು,
ಕೊನೆಯವರೆಗೆ. ಮತ್ತೆ ಮೊದಲಿಂದ.
'ಇವನದೆಲ್ಲಿ?'

ನಮಗೆ ಅರ್ಥವಾಗಲಿಲ್ಲ.
'ಗಂಡನ ವರದಿ.'
'ಯಾರೂ ಕೇಳಲಿಲ್ಲ.'
'ನಾಲ್ಕು ವರ್ಷದಲ್ಲಿ?'
ಕನ್ನಡಕದ ಮೇಲಿಂದ ನನ್ನತ್ತ: 'ನೀನೂ ಕೇಳಲಿಲ್ಲ.'
ಅದು ಪ್ರಶ್ನೆಯಾಗಿರಲಿಲ್ಲ.

ಕೆಲಸವೇನೆಂದಳು. ಹೇಳಿದೆ.
'ಒಲೆಯ ಅಂಚು ಎಲ್ಲಿಗೆ ತಾಗುತ್ತದೆ?'
ಎದ್ದು ನಿಂತು ಕೈಯಿಂದ ತೋರಿಸಿದೆ.
ಡಾಕ್ಟರು ಬರೆದುಕೊಂಡಳು, ನಗಲಿಲ್ಲ.
ತಮ್ತಾ ಮುಖ ತಗ್ಗಿಸಿದಳು. ಹೆಗಲು ಅದುರಿತು.
ಅಳು ಎಂದುಕೊಂಡೆ. ಅಲ್ಲ, ನಗು.
ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

'ಕಾವೇ ಕಾರಣ ಅಂತಲ್ಲ. ನೋಡದೆ ಹೇಳಲಾರೆ.
ಕೂಡಿ ಎಷ್ಟು ದಿನವಾಯಿತು?'
'ಚಳಿಗಾಲದಿಂದ' ಎಂದಳು ತಮ್ತಾ, ನಾನು ಬಾಯಿ ತೆರೆಯುವ ಮೊದಲೇ.
ಹೊರಗೆ ದ್ರಾಕ್ಷಿ ಮಾಗುತ್ತಿತ್ತು.
'ಹಾಗಾದರೆ ಇವನ ಪರೀಕ್ಷೆ ಇವತ್ತು ಬೇಡ.
ಮೊದಲು ಮನೆಗೆ ಹೋಗಿ.
ಆಮೇಲೆ ಮೂರು ದಿನ ಬಿಟ್ಟು ಬನ್ನಿ.'

ಬರುವಾಗ, ಗೋರಿ ದಾಟುವವರೆಗೆ,
ಅಮ್ಮನ ಆ ಮಾತಿಗೆ ಗಂಡಿನ ರೂಪ ಹುಡುಕಿದೆ.
ಸಿಗಲಿಲ್ಲ. ಇದ್ದಿದ್ದರೆ
ಹೊಸ್ತಿಲಲ್ಲೇ ನಿಂತು ಅಂದುಬಿಡುತ್ತಿದ್ದೆ,
ಪಾತ್ರೆಗಳಿಗೂ ಕೇಳುವಂತೆ.

ಸುರಾಮಿಯಲ್ಲಿ ಅವಳೇ ಇಳಿದು ನಾಜುಕಿ ತಂದಳು, ಒಂದೇ.
ಬಿಸಿಗೆ ಕೈ ಬದಲಿಸುತ್ತ ಮುರಿದಳು.
ತಳ ಸೀದಿತ್ತು. ನನಗೆ ಗೊತ್ತಿತ್ತು.
'ನಿನ್ನದಕ್ಕಿಂತ ಚೆನ್ನಾಗಿದೆ' ಎಂದು
ಸೀದ ತುಂಡನ್ನು ನನಗೆ ಕೊಟ್ಟು
ನೀಲಿ ಫೈಲಿನ ಮೇಲೆ ಉದುರಿದ ಪುಡಿಯನ್ನೂ ಬಿಡದೆ
ಬೆರಳೊತ್ತಿ ಒತ್ತಿ ತಿಂದಳು.